ಉಳಿದ 69 ಜಿಬಿ ಎಲ್ಲಿಗೆ ಹೋಯಿತು?

1 ಟಿಬಿ ಎಂದು ಬರೆದಿದ್ದ ಹೊಸ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದೆ. ವಿಂಡೋಸ್ ತೋರಿಸಿದ್ದು 931 ಜಿಬಿ. ಡಿಸ್ಕಿನಲ್ಲೇ ಏನೋ ದೋಷವಿದೆ ಅಂದುಕೊಂಡು ಫಾರ್ಮ್ಯಾಟ್ ಮಾಡಿದೆ. ಮತ್ತೆ 931. ಸಿಪಿಯು, ರ‍್ಯಾಮ್, ಯುಎಸ್‌ಬಿ ಎಲ್ಲದರ ಪೂರ್ಣರೂಪ ನನಗೆ ಬಾಯಿಪಾಠವಾಗಿತ್ತು. ಅದರಲ್ಲಿ ಒಂದೂ ಆವತ್ತು ಕೈಹಿಡಿಯಲಿಲ್ಲ.

ಕೊನೆಗೆ ಕಾಗದ, ಪೆನ್ನು ಹಿಡಿದು ಕೂತೆ. ಡಿಸ್ಕ್ ತಯಾರಿಸುವವರದು ಸಾವಿರದ ಲೆಕ್ಕ: 1 ಟಿಬಿ ಅಂದರೆ ಒಂದರ ಮುಂದೆ ಹನ್ನೆರಡು ಸೊನ್ನೆ, ಅಷ್ಟು ಬೈಟ್. ವಿಂಡೋಸಿನದು 1024ರ ಲೆಕ್ಕ. 1024ನ್ನು ಮೂರು ಸಲ ಗುಣಿಸಿದರೆ 1,07,37,41,824. ಅಷ್ಟು ಬೈಟ್ ಸೇರಿದರೆ ಮಾತ್ರ ಅದಕ್ಕೆ ಒಂದು ಜಿಬಿ. ಭಾಗಿಸಿ ನೋಡಿದೆ, 931.3 ಬಂತು. ಡಿಸ್ಕಿನಿಂದ ಒಂದು ಬೈಟೂ ಕಳೆದಿರಲಿಲ್ಲ, ಅಳತೆಗೋಲು ಬೇರೆಯಾಗಿತ್ತು ಅಷ್ಟೆ. ಈ ಗೊಂದಲ ತಪ್ಪಲೆಂದೇ 1998ರಲ್ಲಿ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಎಂಬ ಬೇರೆ ಹೆಸರುಗಳನ್ನು ಒಪ್ಪಿಕೊಂಡಿತು. ಅವು ಇನ್ನೂ ಜನರ ಬಾಯಿಗೆ ಬಂದಿಲ್ಲ. ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಅಂದಿನಿಂದ ಹೊಸಬರಿಗೆ ಹೇಳಿಕೊಡುವಾಗ ಪೂರ್ಣರೂಪಗಳನ್ನು ಪಕ್ಕಕ್ಕಿಟ್ಟು ಅಳತೆಯಿಂದಲೇ ಶುರು ಮಾಡುತ್ತೇನೆ. ಮೊದಲ ಪಾಠ ಬಿಟ್ ಮತ್ತು ಬೈಟ್. ಬಿಟ್ ಅಂದರೆ ಸೊನ್ನೆ ಅಥವಾ ಒಂದು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಸಣ್ಣ ಬಿ ಕಂಡರೆ ಬಿಟ್, ದೊಡ್ಡ ಬಿ ಕಂಡರೆ ಬೈಟ್. ಇಂಟರ್ನೆಟ್ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ. ಹಾಗಾಗಿ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಎಂಬಿ. ಒಂದೂವರೆ ಜಿಬಿ ವಿಡಿಯೊಗೆ ಎರಡು ನಿಮಿಷವಾದರೂ ಬೇಕು.

ಆಮೇಲೆ ಒಂದು ಪ್ರಯೋಗ ಮಾಡಿಸುತ್ತೇನೆ. ನೋಟ್‌ಪ್ಯಾಡಿನಲ್ಲಿ ‘ಕನ್ನಡ’ ಎಂದಷ್ಟೇ ಬರೆದು, ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಒಂದು ಪದ್ಧತಿ) ಆಯ್ಕೆಯಲ್ಲಿ ಸೇವ್ ಮಾಡಿ, ಫೈಲಿನ ಪ್ರಾಪರ್ಟೀಸ್ ತೆರೆಯಬೇಕು. ಗಾತ್ರ 15 ಬೈಟ್. ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 7. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಕಂಪ್ಯೂಟರ್ ಎಣಿಸುವುದು ಐದು: ಕ, ನ, ಹಲಂತದ ಗುರುತು, ಇನ್ನೊಂದು ನ, ಡ. ಒಂದೊಂದಕ್ಕೂ ಮೂರು ಬೈಟ್. ಒತ್ತಕ್ಷರಕ್ಕೂ ತೂಕವಿದೆ ಎಂದು ಕಂಡಾಗ ಎಲ್ಲರೂ ತಮ್ಮ ತಮ್ಮ ಹೆಸರು ಬರೆದು ಅಳೆಯಲು ಶುರು ಮಾಡುತ್ತಾರೆ. ನನಗೆ ಅತ್ಯಂತ ಇಷ್ಟವಾದ ಗಳಿಗೆ ಅದು.

ಪ್ರೊಸೆಸರಿನ ಮಿಡಿತ ಅಳೆಯುವ ಗಿಗಾಹರ್ಟ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 3 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 300 ಕೋಟಿ ಮಿಡಿತ; ಅದೊಂದೇ ಅಂಕಿ ಹಿಡಿದು ಎರಡು ಪ್ರೊಸೆಸರ್‌ಗಳನ್ನು ಹೋಲಿಸಲಾಗದು.

ಕೊನೆಯ ಲೆಕ್ಕ ಎಸ್‌ಎಂಎಸ್‌ನದು. ಒಂದು ಸಂದೇಶದ ಮಿತಿ 140 ಬೈಟ್, ಅಂದರೆ 1120 ಬಿಟ್. ಅಲ್ಲಿ ಬಳಸುವುದು ಯುಟಿಎಫ್-8 ಅಲ್ಲ, ಬೇರೆ ಪದ್ಧತಿ: ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್, ಕನ್ನಡದ್ದಕ್ಕೆ 16. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುವ ಜಾಗದಲ್ಲಿ ಕನ್ನಡದ 70 ಮಾತ್ರ ಏಕೆ ಹಿಡಿಸುತ್ತವೆ ಎಂಬುದನ್ನು ನಾನು ಹೇಳುವುದಿಲ್ಲ, ಕಲಿಯುವವರೇ ಭಾಗಿಸಿ ಹೇಳುತ್ತಾರೆ.