ರೂಪಕ ಕಥೆಯಲ್ಲಿ ಅಧಿಕಾರ: ಪ್ರಬಂಧ ಬರೆಯಲು ನೆರವಾಗುವುದು ಹೇಗೆ?

ಕಲಬುರಗಿಯಲ್ಲಿ ಪದವಿ ಓದುವ ತಮ್ಮನೋ ತಂಗಿಯೋ ಪ್ರಾಣಿಗಳ ಮೂಲಕ ಮನುಷ್ಯರ ಬದುಕನ್ನೇ ಸೂಚಿಸುವ ರೂಪಕ ಕಥೆಯೊಂದನ್ನು ಮುಂದಿಟ್ಟು, ಇದರಲ್ಲಿ ಅಧಿಕಾರದ ಬಗ್ಗೆ ಏನು ಬರೆಯಬೇಕೆಂದು ಕೇಳಿದರೆ, ಕೂಡಲೇ ವಾಕ್ಯಗಳನ್ನು ಹೇಳಿ ಬರೆಸಬೇಡಿ. ಮೊದಲು ಪುಸ್ತಕ ಮುಚ್ಚಿಸಿ, ಕಥೆಯನ್ನು ಮನೆಮಾತಿನಲ್ಲೇ ಹೇಳಿಸಿ.

ಪಂಚತಂತ್ರದ ಸಿಂಹ ಮತ್ತು ಎತ್ತಿನ ಕಥೆಯನ್ನೇ ತೆಗೆದುಕೊಳ್ಳೋಣ. ಗೆಳೆಯರಾಗಿದ್ದ ಇವರಿಬ್ಬರ ನಡುವೆ ದಮನಕ ಎಂಬ ನರಿ ಜಗಳ ಹಚ್ಚುತ್ತದೆ, ಕೊನೆಗೆ ಸಿಂಹ ಎತ್ತನ್ನು ಕೊಲ್ಲುತ್ತದೆ. ಮುಂದೆ ನಮ್ಮ ಕಲ್ಯಾಣದಿಂದ ಆಳಿದ ಚಾಲುಕ್ಯ ವಂಶದ ದೊರೆ ಜಯಸಿಂಹನ ಬಳಿ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಸಂಧಾನದ ಮಂತ್ರಿಯಾಗಿದ್ದ ದುರ್ಗಸಿಂಹ 11ನೆಯ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ರಾಜರಾಜರ ನಡುವಿನ ಮಾತುಕತೆಯೇ ಕಸುಬಾಗಿದ್ದವನು ನರಿಗಳ ರಾಯಭಾರದ ಕಥೆ ಬರೆದದ್ದು ಆಕಸ್ಮಿಕವೆನಿಸುವುದಿಲ್ಲ.

‘ನರಿ ಇಬ್ಬರಿಗೂ ಜಗಳ ಹಚ್ಚಿತ್ರಿ’ ಎಂದು ಹುಡುಗ ಹೇಳಿದರೆ ಅಲ್ಲೇ ತಡೆದು, ಹೇಗೆ ಹಚ್ಚಿತು ಎಂದು ಕೇಳಿ. ಉತ್ತರಕ್ಕಾಗಿ ಅವನು ಮತ್ತೆ ಪುಸ್ತಕ ತೆರೆಯಲೇಬೇಕಾಗುತ್ತದೆ. ಎತ್ತು ಕೊಂಬು ಮುಂದೆ ಮಾಡಿ ಬಂದರೆ ಅದು ದ್ರೋಹದ ಗುರುತೆಂದು ದಮನಕ ಸಿಂಹಕ್ಕೆ ಹೇಳಿರುತ್ತದೆ. ಸಿಂಹ ಕಿವಿ ನಿಮಿರಿಸಿ, ಬಾಲ ಎತ್ತಿ ಕುಳಿತಿದ್ದರೆ ಕೊಲ್ಲುವ ಮನಸ್ಸಿದೆಯೆಂದು ಎತ್ತಿಗೂ ಹೇಳಿರುತ್ತದೆ. ಭಯದಿಂದ ಇಬ್ಬರೂ ಹಾಗೆಯೇ ನಿಲ್ಲುತ್ತಾರೆ, ಒಬ್ಬರ ಭಯ ಇನ್ನೊಬ್ಬರಿಗೆ ಸಾಕ್ಷಿಯಾಗುತ್ತದೆ. ಈ ಒಂದು ದೃಶ್ಯ ಎರಡು ಪುಟದ ಪ್ರಬಂಧಕ್ಕೆ ಸಾಕು.

ಇನ್ನು ವಾದವಾಕ್ಯ, ಅಂದರೆ ಇಡೀ ಪ್ರಬಂಧ ಸಾಧಿಸಿ ತೋರಿಸಬೇಕಾದ ಒಂದು ಮಾತು. ‘ಸಿಂಹ ಎಂದರೆ ರಾಜ, ನರಿ ಎಂದರೆ ಕುತಂತ್ರಿ ಮಂತ್ರಿ’ ಎಂಬುದು ವಾದವಲ್ಲ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ‘ಇಬ್ಬರೂ ನೇರವಾಗಿ ಮಾತಾಡದಂತೆ ನೋಡಿಕೊಳ್ಳುವುದರಲ್ಲೇ ದಮನಕನ ಅಧಿಕಾರವಿದೆ’ ಎಂಬುದನ್ನು ಕಥೆಯಿಂದ ಸಾಧಿಸಿ ತೋರಿಸಬೇಕಾಗುತ್ತದೆ, ಆದ್ದರಿಂದ ಅದು ವಾದ. ಪ್ರತಿ ಪರಿಚ್ಛೇದದಲ್ಲಿ ಒಂದು ಘಟನೆಯನ್ನು ಹೇಳಿ, ಅದು ಈ ವಾದಕ್ಕೆ ಹೇಗೆ ಆಧಾರವೆಂದು ವಿವರಿಸಿದರಾಯಿತು.

ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ (1945) ಪಠ್ಯವಾಗಿದ್ದರೂ ಕ್ರಮ ಇದೇ. ನೆಪೋಲಿಯನ್ ಎಂಬ ಹಂದಿ ಸೋವಿಯತ್ ರಷ್ಯಾದ ಸರ್ವಾಧಿಕಾರಿ ಸ್ಟಾಲಿನ್‌ನನ್ನು ಸೂಚಿಸುತ್ತದೆಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗಬೇಕು. ರಷ್ಯಾದ ಇತಿಹಾಸವನ್ನೇ ಪುಟಗಟ್ಟಲೆ ಬರೆದರೆ ಕಾದಂಬರಿ ಕೈತಪ್ಪುತ್ತದೆ. ಅದರ ಬದಲು ಕೊಟ್ಟಿಗೆಯ ಗೋಡೆಯನ್ನು ನೋಡಿಸಿ. ದಂಗೆಯೆದ್ದು ಒಡೆಯನನ್ನು ಓಡಿಸಿದ ಪ್ರಾಣಿಗಳು ತಮಗೆಂದು ಅಲ್ಲಿ ಬರೆದುಕೊಂಡ ಆಜ್ಞೆಗಳಿಗೆ ಹಂದಿಗಳು ಗುಟ್ಟಾಗಿ ಒಂದೆರಡು ಪದ ಸೇರಿಸುತ್ತವೆ. ದುಡಿಯುವ ಕುದುರೆ ಬಾಕ್ಸರ್ ಇಂಗ್ಲಿಷಿನ ನಾಲ್ಕನೆಯ ಅಕ್ಷರ ದಾಟಿ ಕಲಿಯಲಾರದು. ಓದು ಯಾರಿಗೆ ಬರುತ್ತದೋ ಅವರಿಗೆ ಕಾನೂನು ತಿದ್ದುವ ಶಕ್ತಿಯೂ ಬರುತ್ತದೆಂಬ ವಾದವನ್ನು ವಿದ್ಯಾರ್ಥಿ ತಾನೇ ಕಂಡುಕೊಳ್ಳಬಲ್ಲ.

ಕೊನೆಯ ಪರಿಚ್ಛೇದಕ್ಕೆ, ‘ಸಿಂಹ ಎಂದರೆ ರಾಜ’ ಎಂಬಂಥ ಆರಂಭದ ಸಮೀಕರಣ ಎಲ್ಲಿ ಹೊಂದುವುದಿಲ್ಲ ಎಂಬ ಪ್ರಶ್ನೆಯನ್ನು ಉಳಿಸಿಕೊಳ್ಳಿ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಎತ್ತನ್ನು ಕೊಂದ ಮೇಲೆ ಸಿಂಹ ಗೆದ್ದ ರಾಜನಂತೆ ಮೆರೆಯುವುದಿಲ್ಲ, ದುಃಖಿಸುತ್ತದೆ. ಸಮಾಧಾನ ಹೇಳಲು ಬರುವುದೂ ದಮನಕನೇ. ಆ ಸಮಾಧಾನದ ಮಾತಿನಿಂದ ಯಾರಿಗೆ ಲಾಭವಾಯಿತು ಎಂದು ಕೇಳಿ, ಬರೆಯುವುದನ್ನು ವಿದ್ಯಾರ್ಥಿಗೇ ಬಿಡಿ.