ಹ್ಯೂಮನ್ ಫಾಲ್ ಫ್ಲ್ಯಾಟ್: ನಾನು ಆಡಿದ ರೀತಿ, ಹೊಸಬ್ರಿಗೆ ಒಂದಷ್ಟು ಟಿಪ್ಸ್

ಹ್ಯೂಮನ್ ಫಾಲ್ ಫ್ಲ್ಯಾಟ್ ಅನ್ನೋ ಪಜಲ್ ವಿಡಿಯೋ ಗೇಮ್ ಶುರು ಮಾಡಿದ ತಕ್ಷಣ ಆಕಾಶದಿಂದ ಒಬ್ಬ ಬೆಳ್ಳಗಿರೋ ಗುಂಡಪ್ಪ ದೊಪ್ಪಂತ ಬೀಳ್ತಾನೆ. ಅವನ ಹೆಸರು ಬಾಬ್, ಅವನೇ ನಾವು. ಎದ್ದು ನಿಂತ ಮೇಲೂ ತೂರಾಡ್ತಾನೆ, ಮೈಯಲ್ಲಿ ಮೂಳೆ ಇದ್ಯೋ ಇಲ್ವೋ ಅನ್ಸತ್ತೆ, ಒಂದು ಬಾಗಿಲು ತಳ್ಳೋಕೂ ಒದ್ದಾಡ್ತಾನೆ, ಹೊಸಬ್ರು ಬಹಳ ಜನ ಇಲ್ಲೇ ‘ಏನ್ ಗುರು ಇದು, ಕಂಟ್ರೋಲೇ ಸರಿ ಇಲ್ಲ’ ಅಂತ ಬಿಟ್ಟುಬಿಡ್ತಾರೆ. ಕಂಟ್ರೋಲ್ ಸರಿಯಾಗೇ ಇದೆ ಕಣ್ರೀ. ಬೇರೆ ಪ್ಲಾಟ್‌ಫಾರ್ಮ್ ಆಟದಲ್ಲಿ, ಅಂದ್ರೆ ಹಾರ್ತಾ ಹತ್ತುತಾ ಮುಂದೆ ಹೋಗೋ ಆಟದಲ್ಲಿ, ಬಟನ್ ಒತ್ತಿದ್ರೆ ಹೀರೋ ತಾನೇ ಹತ್ಕೊಂಡು ಹೋಗ್ತಾನೆ, ಇಲ್ಲಿ ಬಾಬ್ ಮೈಗೂ ಅವನು ಹಿಡಿಯೋ ಪೆಟ್ಟಿಗೆಗೂ ಒಂದೇ ಫಿಸಿಕ್ಸ್ ರೂಲು. ತೂಕ, ಎಳೆತ, ಜೋತಾಟ ಎಲ್ಲಾ ಲೆಕ್ಕಕ್ಕೆ ಬರತ್ತೆ.

ಆಟ ಬಂದಿದ್ದು 2016ರ ಜುಲೈನಲ್ಲಿ. ಲಿಥುವೇನಿಯಾದ ಟೋಮಸ್ ಸಾಕಾಲೌಸ್ಕಸ್ ಅನ್ನೋರು ನೋ ಬ್ರೇಕ್ಸ್ ಗೇಮ್ಸ್ ಅನ್ನೋ ಹೆಸರಲ್ಲಿ ಹೆಚ್ಚುಕಮ್ಮಿ ಒಬ್ರೇ ಕೂತು ಮಾಡಿದ್ದು, ಆಮೇಲೆ ಅದು 3 ಕೋಟಿ ಕಾಪಿ ದಾಟ್ತು ಅಂದ್ರೆ ಲೆಕ್ಕ ಹಾಕಿ. ಮೊದಲ ಲೆವೆಲ್ ಮ್ಯಾನ್ಶನ್, ಆಮೇಲೆ ಟ್ರೇನ್, ಕ್ಯಾರಿ, ಮೌಂಟನ್, ಡೆಮಾಲಿಶನ್, ಕ್ಯಾಸಲ್, ವಾಟರ್, ಪವರ್ ಪ್ಲಾಂಟ್, ಆಜ್ಟೆಕ್ ಹೀಗೆ ಹೋಗತ್ತೆ, ಅದಾದ್ಮೇಲೂ ಹೊಸ ಲೆವೆಲ್ ಸೇರಿಸ್ತಾ ಬಂದಿದಾರೆ. ನಾನು ಆಡೋದು ಪಿಸಿಯಲ್ಲಿ, ಆಫೀಸ್ ಮುಗಿದ್ಮೇಲೆ ಒಬ್ಬನೇ, ರಜಾ ದಿನ ಅಕ್ಕನ ಮಗ ಬಂದ್ರೆ ಇಬ್ರೂ ಸೇರಿ. ಹಾಗಾಗಿ ಕೆಳಗೆ ಹೇಳೋ ಕೀಗಳೆಲ್ಲಾ ಪಿಸಿದು.

ಎಲ್ಲಕ್ಕಿಂತ ಮೊದ್ಲು ತಲೆಯಲ್ಲಿ ಕೂರಿಸ್ಕೋಬೇಕಾದ್ದು ಒಂದೇ ವಿಷಯ, ಬಾಬ್ ಕೈ ಅವನು ನೋಡೋ ಕಡೆಗೇ ಹೋಗತ್ತೆ. ಮೌಸ್‌ನ ಎಡ ಬಟನ್ ಒತ್ತಿ ಹಿಡಿದ್ರೆ ಎಡಗೈ ಚಾಚ್ತಾನೆ, ಬಲ ಬಟನ್ ಒತ್ತಿದ್ರೆ ಬಲಗೈ, ಏನಾದ್ರೂ ತಗುಲಿದ್ರೆ ಅಂಟ್ಕೋತಾನೆ, ಬಟನ್ ಬಿಟ್ರೆ ಬಿಡ್ತಾನೆ. ಇಷ್ಟು ಎಲ್ರಿಗೂ ಬೇಗ ಗೊತ್ತಾಗತ್ತೆ. ಆದ್ರೆ ಕೈ ಎಷ್ಟು ಎತ್ತರಕ್ಕೆ ಹೋಗ್ಬೇಕು ಅನ್ನೋದು ಬಟನ್‌ದಲ್ಲ, ಕ್ಯಾಮೆರಾದ ಕೆಲಸ. ಮೌಸ್ ಸರಿಸಿ ಮೇಲೆ ನೋಡಿದ್ರೆ ಕೈ ತಲೆ ಮೇಲೆ ಹೋಗತ್ತೆ, ನೆಲ ನೋಡಿದ್ರೆ ಕೆಳಗಿಳಿಯತ್ತೆ. ಪೆಟ್ಟಿಗೆ ಹಿಡ್ಕೊಂಡು ಮೇಲೆ ನೋಡಿದ್ರೆ ಪೆಟ್ಟಿಗೆ ಮೇಲೆದ್ದಂಗೆ, ಕೆಳಗೆ ನೋಡಿದ್ರೆ ಇಟ್ಟಂಗೆ. ಲೆವೆಲ್ ನೋಡೋಕೆ ಅಂತ ಕ್ಯಾಮೆರಾ ತಿರುಗಿಸೋ ಅಭ್ಯಾಸ ನಮಗೆ ಬೇರೆ ಆಟಗಳಿಂದ ಬಂದಿರತ್ತಲ್ಲ, ಅದನ್ನ ಏನಾದ್ರೂ ಹಿಡ್ಕೊಂಡಿರೋವಾಗ ಮಾಡಿದ್ರೆ ಹಿಡಿದಿದ್ದೆಲ್ಲಾ ಗಿರಕಿ ಹೊಡೆದು ಪಕ್ಕದಲ್ಲಿರೋದನ್ನೂ ಬೀಳ್ಸತ್ತೆ. ಅದಕ್ಕೆ ನಾನು ಏನನ್ನೂ ಮುಟ್ಟೋಕೆ ಮುಂಚೆ ಒಂದ್ಸಲ ಸುತ್ತ ನೋಡಿಬಿಡ್ತೀನಿ, ಮುಟ್ಟಿದ್ಮೇಲೆ ಮೌಸನ್ನ ಕೈ ಅಂತಲೇ ಅಂದ್ಕೊಂಡು ಆಡ್ತೀನಿ. ಮ್ಯಾನ್ಶನ್ ಲೆವೆಲಲ್ಲಿ ಪಜಲ್ ಸುಲಭ, ಲೆವೆಲ್ ಒಳಗಿರೋ ಬಟನ್ ಒತ್ತಿದ್ರೆ ಬಾಗಿಲು ತೆಗೆಯತ್ತೆ ಅಷ್ಟೇ, ಅದನ್ನ ಮುಗಿಸೋ ಅವಸರ ಮಾಡ್ಬೇಡಿ, ಅಲ್ಲೇ ಒಂದು ಪೆಟ್ಟಿಗೆ ಹಿಡ್ಕೊಂಡು ಎತ್ತೋದು, ಇಳಿಸೋದು, ಒಂದೇ ಕೈಯಲ್ಲಿ ಎಳೆಯೋದು ಮಾಡ್ತಾ ಸ್ವಲ್ಪ ಹೊತ್ತು ಸುಮ್ನೆ ಆಟ ಆಡಿ. ಮೌಸ್ ಸೆನ್ಸಿಟಿವಿಟಿನೂ ಅಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ, ನಂದು ಬೇರೆ ಆಟಕ್ಕಿಂತ ಕಮ್ಮಿ ಇಟ್ಟಿದೀನಿ, ಕೈ ನಡುಗೋದು ನಿಲ್ಲತ್ತೆ.

ಇನ್ನು ಹತ್ತೋದು. ಹೊಸಬ್ರ ಅರ್ಧ ಟೈಮ್ ಹೋಗೋದು ಇದ್ರಲ್ಲೇ. ನಮ್ಮೂರಲ್ಲಿ ಕಾಂಪೌಂಡ್ ಗೋಡೆ ಹಾರಿದ್ದೋರಿಗೆ ಇದು ಬೇಗ ಬರತ್ತೆ, ಎರಡೂ ಒಂದೇ ಕೆಲಸ: ಅಂಚಿಗೆ ಕೈ ಹಾಕು, ಆಮೇಲೆ ಅಂಚನ್ನ ಕೆಳಕ್ಕೆ ಒತ್ತಿ ಮೈ ಮೇಲೆ ತಗೋ. ಆಟದಲ್ಲಿ ಹೇಗೆ ಅಂದ್ರೆ ಗೋಡೆ ಹತ್ರ ಹೋಗಿ, ಅಂಚಿನ ಕಡೆ ಮೇಲೆ ನೋಡಿ, ಎರಡೂ ಬಟನ್ ಒತ್ತಿ ಹಿಡಿದು ಸ್ಪೇಸ್‌ಬಾರ್ ಒತ್ತಿ ಹಾರಿ. ಕೈ ಅಂಚಿಗೆ ಅಂಟ್ತು ಅಂದ್ಕೊಳ್ಳಿ, ಈಗ ಬಟನ್ ಬಿಡದೆ ಮೌಸನ್ನ ನಿಧಾನವಾಗಿ ಕೆಳಗೆ ಎಳೀರಿ, ಅಂದ್ರೆ ಬಾಬ್ ನೆಲ ನೋಡೋ ಹಾಗೆ, ಜೊತೆಗೆ ಮುಂದೆ ಹೋಗೋ ಡಬ್ಲ್ಯು ಕೀನೂ ಒತ್ತಿ ಹಿಡೀರಿ. ಕೈ ಕೆಳಗೆ ಹೋಗೋಕೆ ನೋಡತ್ತೆ, ಅಂಚು ಜಗ್ಗಲ್ಲ, ಹಾಗಾಗಿ ಮೈಯೇ ಮೇಲೆ ಬರತ್ತೆ. ಎದೆ ಅಂಚಿಗಿಂತ ಮೇಲೆ ಬಂದ್ಮೇಲೆ ಬಟನ್ ಬಿಡಿ, ಅದಕ್ಕೆ ಮುಂಚೆ ಬಿಡ್ಬೇಡಿ. ಮೇಲೆ ನೋಡ್ತಾನೇ ಸ್ಪೇಸ್‌ಬಾರ್ ಕುಟ್ಟಿದ್ರೆ ಬಾಬ್ ಬಾವಲಿ ಕೆಲಸ ಮಾಡ್ತಾ ಜೋತಾಡ್ತಾ ಇರ್ತಾನೆ ಅಷ್ಟೇ. ಅಂಚು ಹಿಡ್ಕೊಂಡು ಪಕ್ಕಕ್ಕೆ ಸರಿಯೋದೂ ಇದೇ ಲೆಕ್ಕ, ಒಂದು ಕೈ ಬಿಡೋದು, ಪಕ್ಕಕ್ಕೆ ತಿರುಗಿ ಮತ್ತೆ ಹಿಡಿಯೋದು, ಆಮೇಲೆ ಇನ್ನೊಂದು ಕೈ. ಎರಡೂ ಒಟ್ಟಿಗೆ ಬಿಟ್ರೆ ಕೆಳಗೆ ಮೋಡ.

ಭಾರದ ಸಾಮಾನಿನ ವಿಷಯಕ್ಕೆ ಬಂದ್ರೆ, ಎಲ್ಲಿ ಹಿಡಿತೀರ ಅನ್ನೋದೇ ಮುಖ್ಯ. ದೊಡ್ಡ ಪೆಟ್ಟಿಗೇನ ಮೂಲೆ ಹಿಡಿದು ಎಳೆದ್ರೆ ಅದು ಮುಂದೆ ಬರೋ ಬದ್ಲು ತಿರುಗತ್ತೆ, ಮಧ್ಯದಲ್ಲಿ ಎರಡೂ ಕೈ ಹಾಕಿದ್ರೆ ನೇರ ಬರತ್ತೆ. ಬೇಕಂತಲೇ ತಿರುಗಿಸ್ಬೇಕು ಅಂದ್ರೆ ಮೂಲೆನೇ ಹಿಡೀರಿ. ಬಾಗಿಲು, ಸನ್ನೆ, ಚಕ್ರ ಏನೇ ಇದ್ರೂ ತಿರುಗೋ ಜಾಗದಿಂದ ಆದಷ್ಟು ದೂರದ ತುದಿ ಹಿಡಿದ್ರೆ ಕಮ್ಮಿ ಬಲದಲ್ಲಿ ಜಗ್ಗತ್ತೆ, ಸ್ಕೂಲಲ್ಲಿ ಓದಿದ ಅದೇ ಸನ್ನೆ ಪಾಠ. ಎತ್ತೋಕಾಗದೇ ಇರೋದನ್ನ ಎತ್ತೋಕೆ ಹೋಗ್ಬೇಡಿ, ನೇರ ನೋಡ್ತಾ ಹಿಡ್ಕೊಂಡು ಹಿಂದೆ ಹಿಂದೆ ನಡೀರಿ, ಸಾಕು. ಆಮೇಲೆ ಒಂದು ಹಲಗೆ ಮೇಲೆ ನಿಂತ್ಕೊಂಡು ಅದೇ ಹಲಗೇನ ಎತ್ತೋಕೆ ನೋಡಿದ್ರೆ ಆಗಲ್ಲ, ಇದು ತಮಾಷೆಗೆ ಹೇಳ್ತಿಲ್ಲ, ಕಾಲು ಎಲ್ಲಿದೆ ಅಂತ ನೋಡದೆ ‘ಯಾಕೋ ಏಳ್ತಾನೇ ಇಲ್ಲ’ ಅಂತ ಕೂತಿರೋರನ್ನ ನೋಡಿದೀನಿ.

ಹಲಗೆ ಅಂದ್ಮೇಲೆ ಒಂದು ವಿಷಯ ವಿವರವಾಗಿ ಹೇಳ್ಬೇಕು, ಇದು ತುಂಬಾ ಕಡೆ ಉಪಯೋಗಕ್ಕೆ ಬರತ್ತೆ. ಒಂದು ಕಂದಕ ಇದೆ, ಒಂದು ಉದ್ದ ಹಲಗೆ ಇದೆ, ಸೇತುವೆ ಮಾಡ್ಬೇಕು. ಎಲ್ರೂ ಮಾಡೋದು ಹಲಗೇನ ನೆಲದ ಮೇಲೆ ಮುಂದಕ್ಕೆ ತಳ್ಳೋದು. ಅರ್ಧಕ್ಕಿಂತ ಜಾಸ್ತಿ ಅಂಚು ದಾಟಿದ ಕ್ಷಣ ಅದರ ತೂಕ ಆ ಕಡೆ ಆಗತ್ತೆ, ಮೂತಿ ಕೆಳಗೆ ಮಾಡಿ ಜಾರಿ ಹೋಗತ್ತೆ. ಕಂದಕ ಹಲಗೆಯ ಅರ್ಧಕ್ಕಿಂತ ಚಿಕ್ಕದಿದ್ರೆ ತಳ್ಳಿ, ಪರವಾಗಿಲ್ಲ. ದೊಡ್ಡದಿದ್ರೆ ನಾನು ಮಾಡೋದು ಹೀಗೆ: ಹಲಗೆಯ ಒಂದು ತುದಿ ಕಂದಕದ ಅಂಚಿನ ಹತ್ರ ಬರೋ ಹಾಗೆ ಉದ್ದಕ್ಕೆ ಮಲಗಿಸ್ತೀನಿ, ಇನ್ನೊಂದು ತುದಿಗೆ ಹೋಗಿ ಎರಡೂ ಕೈಲಿ ಹಿಡಿದು ಮೇಲೆ ನೋಡ್ತಾ ಮುಂದೆ ನಡೀತೀನಿ, ಹಲಗೆ ಏಳ್ತಾ ಏಳ್ತಾ ನೆಟ್ಟಗೆ ನಿಲ್ಲತ್ತೆ, ಇನ್ನೂ ಒಂಚೂರು ಮುಂದೆ ನೂಕಿ ಕೈ ಬಿಟ್ರೆ ಆ ಕಡೆ ದಡಕ್ಕೆ ದಬ್ ಅಂತ ಬೀಳತ್ತೆ. ಸ್ವಲ್ಪ ವಾರೆ ಬಿದ್ರೂ ಪರವಾಗಿಲ್ಲ, ತುದಿ ಹಿಡ್ದು ಸರಿಸ್ಬೋದು. ಕೈ ಬಿಡೋದು ಮಾತ್ರ ಮರೀಬೇಡಿ, ಹಲಗೆ ಜೊತೆ ಬಾಬ್‌ನೂ ಹೋಗ್ತಾನೆ.

ಹಗ್ಗ, ಸರಪಳಿಯಲ್ಲಿ ಜೋತಾಡೋದು ಬೇಕಾದಾಗ ಓಡ್ಕೊಂಡು ಬಂದು ಹಾರಿ ಹಿಡಿದ್ರೆ ಆ ವೇಗ ಹಗ್ಗಕ್ಕೂ ಸಿಗತ್ತೆ. ಆಮೇಲೆ ಮುಂದೆ ಹೋಗ್ತಿರೋವಾಗ ಮುಂದಿನ ಕೀ, ಹಿಂದೆ ಬರ್ತಿರೋವಾಗ ಹಿಂದಿನ ಕೀ, ತಾಳ ತಪ್ಪದ ಹಾಗೆ ಒತ್ತಿ. ಒಂದೇ ಸಮ ಮುಂದಿನ ಕೀ ಒತ್ತಿ ಹಿಡಿದ್ರೆ ಜೋತಾಟ ಹೆಚ್ಚಾಗಲ್ಲ. ಬಿಡೋದು ಯಾವಾಗ? ಪೂರ್ತಿ ತುದಿಗೆ ಹೋದ್ಮೇಲೆ ಬಿಟ್ರೆ ಅಲ್ಲಿ ವೇಗವೇ ಇರಲ್ಲ, ನೇರ ಕೆಳಗೆ. ತುದಿಗೆ ಹೋಗೋಕೆ ಸ್ವಲ್ಪ ಮುಂಚೆ, ಇನ್ನೂ ಮೇಲಕ್ಕೆ ಹೋಗ್ತಿರೋವಾಗ್ಲೇ ಬಿಡ್ಬೇಕು, ಬಿಟ್ಟ ತಕ್ಷಣ ಎರಡೂ ಬಟನ್ ಮತ್ತೆ ಒತ್ತಿ ಕೈ ಚಾಚಿಟ್ಕೊಂಡ್ರೆ ಎದುರಿನ ಅಂಚು ಸ್ವಲ್ಪ ತಾಗಿದ್ರೂ ಅಂಟ್ಕೋತಾನೆ. ಡೆಮಾಲಿಶನ್ ಲೆವೆಲಲ್ಲಿ ಗೋಡೆ ಒಡೆಯೋಕೆ ನೇತಾಡೋ ದೊಡ್ಡ ಗುಂಡು ಇದೆ, ಅದೂ ಇದೇ ಲೆಕ್ಕ ಉಲ್ಟಾ ಅಷ್ಟೇ, ಆದಷ್ಟು ಹಿಂದಕ್ಕೆ ಎಳ್ಕೊಂಡು ಹೋಗಿ ಬಿಟ್ಬಿಡೋದು, ಗೋಡೆ ಒಡೆಯೋದು ಅದರ ವೇಗಕ್ಕೆ, ನೀವು ಹಿಂದೆ ನಿಂತು ತಳ್ಳೋದ್ರಿಂದ ಅಲ್ಲ. ಬಿಟ್ಟ ಮೇಲೆ ಪಕ್ಕಕ್ಕೆ ಹೋಗಿ, ವಾಪಸ್ ಬರತ್ತೆ.

ಬೀಳೋದಕ್ಕೆ ಹೆದರ್ಬೇಡಿ. ಲೈಫ್ ಅಂತ ಇಲ್ಲ, ಗೇಮ್ ಓವರ್ ಇಲ್ಲ, ಬಿದ್ರೆ ಮತ್ತೆ ಆಕಾಶದಿಂದ ಚೆಕ್‌ಪಾಯಿಂಟ್ ಹತ್ರ, ಅಂದ್ರೆ ಆಟ ಕೊನೇದಾಗಿ ಸೇವ್ ಆದ ಜಾಗದ ಹತ್ರ, ಬಂದು ಬೀಳ್ತೀರ. ಲೆವೆಲ್ ಮುಗಿಯೋದೂ ಕೊನೇ ಬಾಗಿಲು ದಾಟಿ ಕೆಳಗೆ ಬಿದ್ದಾಗ್ಲೇ. ಇದು ಗೊತ್ತಾದ್ಮೇಲೆ ನಾನು ದೂರ ನಡ್ಕೊಂಡು ವಾಪಸ್ ಬರೋದ್ನೇ ಬಿಟ್ಟೆ, ಚೆಕ್‌ಪಾಯಿಂಟ್ ಹತ್ರ ಹೋಗ್ಬೇಕಾ, ಅಂಚಿಂದ ಹಾರಿಬಿಡೋದು. ಸಾಮಾನು ಎಲ್ಲೋ ಸಿಕ್ಕಾಕ್ಕೊಂಡು ಪಜಲ್ ಮುಂದೆ ಹೋಗದೇ ಇದ್ರೆ ಪಾಸ್ ಮೆನುನಲ್ಲಿ ಚೆಕ್‌ಪಾಯಿಂಟ್ ಲೋಡ್ ಮಾಡಿ, ಲೆವೆಲ್ ರೀಸ್ಟಾರ್ಟ್ ಬೇರೆ ಇದೆ, ಅವಸರದಲ್ಲಿ ಅದನ್ನ ಒತ್ತಿದ್ರೆ ಮೊದಲಿಂದ.

ಎಲ್ಲಿ ಸಿಕ್ಕಾಕ್ಕೋತೀರ ಅಂತಾನೂ ಹೇಳ್ಬಿಡ್ತೀನಿ. ಟ್ರೇನ್‌ನಲ್ಲಿ ಬೋಗಿ ತಳ್ಳಿ ದಾರಿ ಮಾಡ್ಕೋಬೇಕು, ಅಲ್ಲಿ ಹಳಿ ಇರೋದ್ರಿಂದ ದಿಕ್ಕು ತಪ್ಪಲ್ಲ, ಆರಾಮ. ಕ್ಯಾರಿಯಲ್ಲಿ ತಾಳ್ಮೆ ಬೇಕು, ಸಾಮಾನು ಹೊತ್ಕೊಂಡು ಹೋಗಿ ಬಟನ್ ಮೇಲೆ ಭಾರ ಇಡೋ ಕೆಲಸ ಜಾಸ್ತಿ. ಕ್ಯಾಸಲ್‌ನ ಕವಣೆ ಯಂತ್ರ ನನಗೆ ಆಟದಲ್ಲೇ ಇಷ್ಟದ ಜಾಗ, ಕಲ್ಲು ಹಾಕಿ ಹೊಡೆಯೋರೂ ಇದಾರೆ, ಬಾಬ್‌ನ ಕೂರಿಸಿ ಹಾರಿಸೋರೂ ಇದಾರೆ. ಅಂದ್ರೆ ಒಂದೇ ಸರಿ ಉತ್ತರ ಅಂತ ಹುಡುಕ್ತಾ ಕೂರ್ಬೇಡಿ, ಗೋಡೆ ಮೇಲೆ ಹತ್ತಿ ಪಜಲನ್ನೇ ದಾಟ್ಕೊಂಡು ಹೋದ್ರೂ ಆಟ ಬೇಡ ಅನ್ನಲ್ಲ. ವಾಟರ್‌ನಲ್ಲಿ ದೋಣಿ ನಡೆಸೋದು ಮಾತ್ರ ಸಿಟ್ಟು ಬರಿಸತ್ತೆ, ಒಂದೊಂದು ಕೈಲಿ ಒಂದೊಂದು ಹುಟ್ಟು, ದೋಣಿ ಹೋಗ್ಬೇಕಾದ ಕಡೆ ಬಿಟ್ಟು ಎಲ್ಲಾ ಕಡೆ ಹೋಗತ್ತೆ, ಸಣ್ಣ ಸಣ್ಣ ಎಳೆತ ಸಾಕು, ದೊಡ್ಡದು ಎಳೆದಷ್ಟೂ ಸುತ್ತತ್ತೆ. ಪವರ್ ಪ್ಲಾಂಟಲ್ಲಿ ವೈರ್ ತುದಿ ತಗೊಂಡು ಹೋಗಿ ಸಾಕೆಟ್‌ಗೆ ಸೇರಿಸೋ ಮುಂಚೆ ವೈರ್ ಅಷ್ಟು ಉದ್ದ ಬರತ್ತಾ ನೋಡಿ, ಬರದಿದ್ರೆ ಬ್ಯಾಟರಿನೇ ಹತ್ರ ಎಳ್ಕೊಂಡು ಬನ್ನಿ.

ಜೊತೆಗೆ ಯಾರಾದ್ರೂ ಇದ್ರೆ ಆಟವೇ ಬೇರೆ. ಒಂದೇ ಪಿಸಿಯಲ್ಲಿ ಸ್ಕ್ರೀನ್ ಎರಡು ಮಾಡಿ ಇಬ್ರು ಆಡ್ಬೋದು, ಆನ್‌ಲೈನಲ್ಲಿ 8 ಜನದ ತನಕ. ನಾನೂ ಅಕ್ಕನ ಮಗನೂ ಕೂತ್ರೆ ಒಂದೇ ಪೆಟ್ಟಿಗೆನ ಇಬ್ರೂ ಹಿಡಿದು ಎರಡು ಕಡೆ ಎಳೆಯೋದೇ ಆಗತ್ತೆ. ‘ಮಾಮ ನೀನು ಬಿಡು, ನಂಗೆ ಗೊತ್ತು’ ಅಂತಾನೆ, ‘ಲೋ, ನೀನು ಮೊದ್ಲು ಬಿಡೋ’ ಅಂತೀನಿ, ಪೆಟ್ಟಿಗೆ ಸೀದಾ ಕೆಳಗೆ. ಅದಕ್ಕೆ ಈಗ ಒಂದು ರೂಲ್ ಮಾಡ್ಕೊಂಡಿದೀವಿ, ಒಬ್ಬ ಹಿಡಿದ್ರೆ ಇನ್ನೊಬ್ಬ ಬಟನ್ ಹತ್ರ ಹೋಗ್ಬೇಕು. ಒಬ್ಬ ಬಾಬ್ ಇನ್ನೊಬ್ಬ ಬಾಬ್‌ನ ಹಿಡ್ಕೋಬೋದು ಅನ್ನೋದು ನೆನಪಿರ್ಲಿ, ಹತ್ತೋಕೆ ಬರದೇ ಇರೋ ಹೊಸಬ್ರನ್ನ ಮೇಲಿಂದ ಕೈ ಹಿಡ್ದು ಎಳ್ಕೋಬೋದು, ಬೇಡದಾಗ ಅಂಚಿಂದ ತಳ್ಳೋಕೂ ಬರತ್ತೆ, ನಮ್ಮ ಹುಡುಗ ಮೊದ್ಲು ಕಲ್ತಿದ್ದು ಅದನ್ನೇ. ಜೊತೇಲಿರೋರು ಹೀಗೆ ಕಾಟ ಕೊಟ್ರೆ ವೈ ಕೀ ಒತ್ತಿ, ಬಾಬ್ ಸತ್ತಂಗೆ ಬಿದ್ಕೋತಾನೆ, ಮಕ್ಕಳಿಗೆ ಬಲು ಖುಷಿ.

ಫೋನ್‌ಗೆ ಇದು 2019ರಲ್ಲಿ ಬಂತು. ನಡೆಯೋದು, ನೋಡೋದು, ಎರಡು ಕೈ, ಹಾರೋದು ಇಷ್ಟಕ್ಕೂ ಇರೋದು ಎರಡೇ ಹೆಬ್ಬೆರಳು, ಹಾಗಾಗಿ ಮೊದಲ ಸಲ ಆಡೋದಾದ್ರೆ ಪಿಸಿ ಇಲ್ಲಾ ಕಂಟ್ರೋಲರ್ ಸಿಕ್ಕಿದ್ರೆ ಅದ್ರಲ್ಲೇ ಕಲೀರಿ, ಆಮೇಲೆ ಫೋನಲ್ಲಿ ಆಡಿ. ಕಂಟ್ರೋಲರಲ್ಲಿ ಎಡ ಬಲ ಟ್ರಿಗರೇ ಎರಡು ಕೈ, ನನಗೇನೋ ಮೌಸ್‌ಗಿಂತ ಅದೇ ಚೆನ್ನಾಗಿ ಒಗ್ಗತ್ತೆ. ವಿಡಿಯೋ ನೋಡಿ ಪಜಲ್ ಬಿಡಿಸೋದು ನಿಮ್ಮಿಷ್ಟ, ನಾನಂತೂ ಹತ್ತೋದು, ಜೋತಾಡೋದು ಇಂಥ ಕೈಚಳಕಕ್ಕೆ ಮಾತ್ರ ನೋಡ್ತೀನಿ, ಪಜಲ್‌ಗೆ ನೋಡಲ್ಲ. ಆಜ್ಟೆಕ್ ತನಕ ಮುಗಿಸಿದೋರು ಪಿಸಿ ಆಟ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿಯ ವರ್ಕ್‌ಶಾಪ್ ವಿಭಾಗದಲ್ಲಿ ಆಟಗಾರರೇ ಮಾಡಿದ ಲೆವೆಲ್ ಹುಡುಕಿ, ಥರ್ಮಲ್ ಅನ್ನೋ ಲೆವೆಲ್ ಹಾಗೇ ಸ್ಪರ್ಧೆಯಲ್ಲಿ ಗೆದ್ದು ಆಟದೊಳಗೇ ಸೇರ್ಕೊಂಡಿದ್ದು, ನಾವಿಬ್ರೂ ಈಗ ಅದ್ರಲ್ಲೇ ಇದೀವಿ.