ತೇರು ಎಳೆಯುವ ಮೊದಲು ಹಗ್ಗ ಬಿಗಿ ಮಾಡಿ

ಶಿವರಾತ್ರಿ ಬಂತೆಂದರೆ ನಮ್ಮ ಕಡೆ ತೇರುಗಳ ಕಾಲ. ನಂದಿಯಲ್ಲಿ ಭೋಗನಂದೀಶ್ವರ, ಸಿದ್ಧಗಂಗೆಯಲ್ಲಿ ಸಿದ್ಧಲಿಂಗೇಶ್ವರ. ಅಂಥ ದೊಡ್ಡ ಜಾತ್ರೆಗಳಲ್ಲಿ ಪಳಗಿದವರು ಇರುತ್ತಾರೆ. ನಾನು ಬರೆಯುತ್ತಿರುವುದು ಸಣ್ಣ ಊರಿನವರಿಗೆ. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಹೋದ ವರ್ಷ ಇನ್ನೂರು ಜನ ಹಗ್ಗ ಹಿಡಿದರೂ ಮುಕ್ಕಾಲು ಗಂಟೆ ತೇರು ಅಲ್ಲಾಡಲಿಲ್ಲ. ಅಲ್ಲಾಡಿದಾಗ ಮುಂದಿನ ಸಾಲಿನವರು ಒಬ್ಬರ ಮೇಲೊಬ್ಬರು ಬಿದ್ದರು.

ಮೊದಲು ಹಗ್ಗ. ತೆಂಗಿನ ನಾರಿನದ್ದೇ ತನ್ನಿ. ತಿಪಟೂರನ್ನು ಮಗ್ಗುಲಲ್ಲಿಟ್ಟುಕೊಂಡು ನೈಲಾನ್ ಹಗ್ಗಕ್ಕೆ ದುಡ್ಡು ಕೊಡುವುದು ಯಾಕೋ! ನೈಲಾನ್ ಹಿಗ್ಗುತ್ತದೆ. ತುಂಡಾದರೆ ಚಾಟಿ ಬೀಸಿದ ಹಾಗೆ ಹಿಂದಕ್ಕೆ ಬರುತ್ತದೆ. ಕೈಯಲ್ಲಿ ಜಾರಿದರೆ ಅಂಗೈ ಸುಲಿಯುತ್ತದೆ. ಹಳೆಯ ನಾರಿನ ಹಗ್ಗವಾದರೆ ಅಲ್ಲಲ್ಲಿ ಹುರಿ ಬಿಡಿಸಿ ಒಳಗೆ ನೋಡಿ. ಹೊರಗೆ ಗಟ್ಟಿಯಾಗಿ ಕಂಡು ಒಳಗೆ ಪುಡಿಯಾಗಿರುತ್ತದೆ.

ದಾರಿಯ ಗುಂಡಿ ಮುಚ್ಚಿ, ತಂತಿಗಳ ಕರೆಂಟ್ ತೆಗೆಸಿ. ಇದು ಎಲ್ಲರಿಗೂ ಗೊತ್ತು.

ಇನ್ನು ಹೊರಡಿಸುವುದು. ಎಡವಟ್ಟು ಆಗುವುದೆಲ್ಲ ಇಲ್ಲೇ. ದಿನಗಟ್ಟಲೆ ನಿಂತ ತೇರಿನ ಗಾಲಿ ಮಣ್ಣಿನಲ್ಲಿ ಕೂತಿರುತ್ತದೆ. ಉರುಳುವ ಗಾಲಿಗೆ ಬೇಕಾಗುವುದಕ್ಕಿಂತ ಕೂತ ಗಾಲಿಯನ್ನು ಕದಲಿಸಲು ಬಹಳ ಜಾಸ್ತಿ ಬಲ ಬೇಕು. ಹಾಗಾಗಿ ಹಿಂದಿನ ದಿನವೇ ಗಾಲಿಯ ಮುಂದಿನ ಮಣ್ಣು ಕೆರೆದು ಇಳಿಜಾರು ಮಾಡಿ. ಹಿಂದಿನ ಗಾಲಿಗಳಿಗೆ ಸನ್ನೆಕೋಲು ಕೊಡುವವರನ್ನು ಗೊತ್ತು ಮಾಡಿ. ಸನ್ನೆ ಇಲ್ಲದೆ ಬರೀ ಹಗ್ಗದಿಂದ ಎತ್ತಿಬಿಡ್ತೀವಿ ಅನ್ನುವ ಹುಡುಗರ ಮಾತು ಕೇಳಬೇಡಿ.

ಎರಡು ಹಗ್ಗಗಳೂ ಅಕ್ಕಪಕ್ಕ ನೇರವಾಗಿರಲಿ. ಜಾಗ ಇದೆ ಅಂತ ಜನ ಕವೆಗೋಲಿನ ಹಾಗೆ ಅಗಲಿಸುತ್ತಾರೆ. ಹಗ್ಗ ದಾರಿಯ ನೇರದಿಂದ 45 ಡಿಗ್ರಿ ಓರೆಯಾದರೆ 100 ಕಿಲೋ ಎಳೆತದಲ್ಲಿ ತೇರಿಗೆ ಸಿಗುವುದು 71 ಕಿಲೋ. ಉಳಿದದ್ದು ಎರಡು ಕಡೆಯವರು ಒಬ್ಬರನ್ನೊಬ್ಬರು ಎಳೆದಾಡುವುದಕ್ಕೆ ಹೋಗುತ್ತದೆ.

ಹಗ್ಗದ ಎಡಕ್ಕೊಬ್ಬರು, ಬಲಕ್ಕೊಬ್ಬರು ನಿಲ್ಲಿ. ಎರಡು ಹಗ್ಗಗಳ ನಡುವೆ ಮಕ್ಕಳು ಬೇಡ. ಮುಂಗೈಗೆ, ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳಲೇಬೇಡಿ. ಬಿಡಬೇಕಾದಾಗ ಬಿಡಲು ಬರಬೇಕು. ಈಗ ನಿಧಾನಕ್ಕೆ ಮುಂದೆ ಸರಿದು ಹಗ್ಗ ಬಿಗಿ ಮಾಡಿ. ಎಳೆಯಬೇಡಿ, ಬಿಗಿ ಅಷ್ಟೇ. ಸಡಿಲ ಹಗ್ಗವನ್ನು ಜಗ್ಗಿದರೆ ಮುಂದಿನವರ ಬಲ ಸಡಿಲ ಎಳೆಯುವುದಕ್ಕೇ ಮುಗಿದು, ತೇರಿಗೆ ಏನೂ ತಲುಪುವುದಿಲ್ಲ. ನಮ್ಮೂರಲ್ಲಿ ಆದದ್ದೂ ಇದೇ. ಮೂರು ಕಡೆಯಿಂದ ‘ಹರ ಹರ ಮಹಾದೇವ’ ಅಂದರು, ಮೂರು ಗುಂಪು ಮೂರು ಹೊತ್ತಿಗೆ ಎಳೆಯಿತು. ಕೊನೆಗೆ ನಮ್ಮ ದೊಡ್ಡಪ್ಪ ತಮಟೆಯವರ ಹತ್ತಿರ ಹೋಗಿ, ‘ಸ್ವಲ್ಪ ನಿಲ್ಲಿಸ್ರಪ್ಪಾ, ನಾನು ಕೈ ಎತ್ತಿದಾಗ ಒಂದೇ ಏಟು ಹಾಕಿ’ ಅಂದರು. ಆ ಏಟಿಗೆ ಸನ್ನೆಯೂ ಹಗ್ಗವೂ ಒಟ್ಟಿಗೆ ಬಿದ್ದವು. ಗಾಲಿ ಕಿರ್ ಅಂತು.

ಮುಂದಿನ ಸಾಲಿನವರು ಬಿದ್ದದ್ದು ಯಾಕೆ? ಗಾಲಿ ಉರುಳಿದ ಮೇಲೂ ಅದೇ ಜೋರಲ್ಲಿ ಎಳೆದರು. ಕದಲಿದ ಕೂಡಲೇ ಬಲ ಇಳಿಸಿ, ನಡೆಯಿರಿ, ಓಡಬೇಡಿ. ಹಗ್ಗ ಮಾತ್ರ ಸಡಿಲ ಆಗಬಾರದು. ಇನ್ನೊಂದು, ತೇರಿಗೆ ಎಸೆದ ದವನ, ಬಾಳೆಹಣ್ಣು ಕಾಲಡಿಗೆ ಸಿಕ್ಕರೆ ಎಣ್ಣೆ ಚೆಲ್ಲಿದ ಹಾಗೆ. ಪೊರಕೆ ಹಿಡಿದ ಇಬ್ಬರು ಹಗ್ಗದ ಮುಂದೆಯೇ ಹೋಗುತ್ತಿರಲಿ. ನಾನಂತೂ ಬರಿಗಾಲಲ್ಲೇ ಎಳೆಯುತ್ತೇನೆ. ಹವಾಯಿ ಚಪ್ಪಲಿಗಿಂತ ಬೆರಳು ನೆಲ ಕಚ್ಚುತ್ತದೆ.

ಟ್ರ್ಯಾಕ್ಟರ್ ಕಟ್ಟೋಣ ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಕ್ಲಚ್ ಬಿಟ್ಟ ಏಟಿಗೆ ಬುಡ ಮುಂದೆ ಹೋಗುತ್ತದೆ, ಎತ್ತರದ ತಲೆ ಹಿಂದೆ ಉಳಿಯುತ್ತದೆ. ತೇರು ವಾಲುವುದು ಹಾಗೇ.

ತಿರುಗಿಸುವುದು ಹಗ್ಗದ ಕೆಲಸ ಅಲ್ಲ, ಬೆಣೆಯದ್ದು. ಎಡಕ್ಕೆ ತಿರುಗಬೇಕಾದರೆ ಎಡಗಾಲಿಗೆ ಬೆಣೆ ಕೊಡಿ, ಬಲಗಾಲಿ ಮುಂದೆ ಬಂದು ತೇರು ತಾನೇ ಹೊರಳುತ್ತದೆ. ಬೆಣೆಗೆ ಉದ್ದನೆಯ ಹಿಡಿ ಇರಲಿ. ಬಗ್ಗಿ ಕೈಯಲ್ಲೇ ತೂರಿಸುವವರನ್ನು ಬೈದು ಆಚೆ ಕಳಿಸಿ.

ನಿಲ್ಲಿಸಲು ನಾಲ್ಕು ಮಾರು ಮೊದಲೇ ಎಳೆಯುವುದು ಬಿಡಿ, ಬೆಣೆ ಬಿದ್ದ ಮೇಲೆ ಹಗ್ಗ ಕೆಳಗಿಡಿ. ಆಮೇಲೆ ಹಗ್ಗವನ್ನು ಒಣಗಿಸಿ ಸುತ್ತಿ ಅಟ್ಟಕ್ಕೆ ಹಾಕಿ. ಒದ್ದೆ ಹಗ್ಗ ಗೋಣಿಚೀಲದಲ್ಲಿ ತುಂಬಿಟ್ಟರೆ ಬರುವ ವರ್ಷ ಹೊಸದಕ್ಕೆ ಮತ್ತೆ ಚಂದಾ ಎತ್ತಬೇಕಾಗುತ್ತದೆ.